ಹದಕ್ಕೆ ಬಾರದ ಹಣೆ

ಪೆಟ್ಟಿಗೆ ಬಂದದ್ದು ಜನವರಿಯ ಒಂದು ಭಾನುವಾರ ಬೆಳಿಗ್ಗೆ. ಒಮಾನಿನ ನಿಜ್ವಾದ ಹೊರಗೆ, ಗ್ಯಾರೇಜುಗಳ ಸಾಲು ಮುಗಿಯುವಲ್ಲಿ ನಮ್ಮ ಟ್ಯಾನರಿ ಇದೆ. ಅಲ್ಲಿ ಒಂಟೆ, ಮೇಕೆಗಳ ಚರ್ಮ ಹದಮಾಡುತ್ತೇವೆ. ನಾನು ಅಲ್ಲಿಯ ಕೆಮಿಸ್ಟ್. ಯಾವ ತೊಟ್ಟಿಗೆ ಎಷ್ಟು ಉಪ್ಪು, ಎಷ್ಟು ಆಸಿಡ್, ಎಷ್ಟು ದಿನ ಎಂದು ಹೇಳುವುದು ನನ್ನ ಕೆಲಸ. ಕೆಟ್ಟರೆ ಬೈಸಿಕೊಳ್ಳುವುದೂ ನನ್ನದೇ ಕೆಲಸ. ಫೋರ್ಕ್‌ಲಿಫ್ಟ್ ಇಳಿಸಿದ ಆ ಮರದ ಪೆಟ್ಟಿಗೆ ನಮ್ಮ ಬಾಗಿಲಿನಲ್ಲಿ ಹಿಡಿಸಲಿಲ್ಲ. ಅಂಗಳದಲ್ಲೇ ಇಟ್ಟು, ಪಶುವೈದ್ಯ ಅಧಿಕಾರಿ ಬಂದು ಸೀಲು ನೋಡಿ, ಪರವಾನಗಿಯ ನಂಬರನ್ನು ಒಳಗಿನ ಟ್ಯಾಗುಗಳೊಂದಿಗೆ ತಾಳೆ ಹಾಕುವವರೆಗೆ ಕಾದೆವು. ಆಮೇಲೆ ಮುಚ್ಚಳ ತೆಗೆದರು. ಒಳಗೆ ಒಂದು ಇಡೀ ಆನೆಯನ್ನು ಮಡಿಸಿ ಇಟ್ಟಿದ್ದರು.

ಏಳು ತುಂಡುಗಳು. ಎರಡು ಪಕ್ಕೆ, ಬೆನ್ನಿನ ಎರಡು ಭಾಗ, ಎರಡು ಕಿವಿ, ಮತ್ತು ಹಣೆಯಿಂದ ಸೊಂಡಿಲಿನ ಬುಡದವರೆಗಿನ ಒಂದು ತುಂಡು. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಟ್ಯಾಗು ಬಿಗಿದಿತ್ತು. ಅದನ್ನು ಕೊನೆಯವರೆಗೂ ಬಿಚ್ಚುವಂತಿಲ್ಲ, ಆಸಿಡ್ಡಿನಲ್ಲಿ ಅದ್ದುವಾಗಲೂ ಅದು ಇರಬೇಕು ಎಂದು ಅಧಿಕಾರಿ ಎರಡು ಸಲ ಹೇಳಿ ಹೋದರು. ಒಂದು ಪಕ್ಕೆಯನ್ನು ಹೊರಗೆಳೆಯಲು ನಾಲ್ಕು ಜನ ಬೇಕಾಯಿತು. ಉಪ್ಪು ಅಂಟಿದ ಆ ಹಲಗೆಯಂಥ ಚರ್ಮದ ಸುಕ್ಕುಗಳನ್ನು ನೋಡುತ್ತ ನಿಂತುಬಿಟ್ಟೆ. ಒಂದು ಸುಕ್ಕಿನೊಳಗೆ ಹತ್ತು ಸುಕ್ಕು, ಆ ಹತ್ತರ ಒಳಗೆ ಮತ್ತೆ ಗೆರೆಗಳು. ನಾನು ಕೆಲಸದ ಜಾಗದಲ್ಲಿ ಭಾವುಕಳಾಗುವವಳಲ್ಲ. ಆದರೂ ನನಗೆ ಗೊತ್ತಿಲ್ಲದ ಹಾಗೆ ಗಂಬೂಟು ಕಳಚಿ ಬರಿಗಾಲಲ್ಲಿ ನಿಂತಿದ್ದೆ.

"ಮೇಡಂ, ನಮಸ್ಕಾರ ಮಾಡಿದ್ದು ಸಾಕು. ಉಪ್ಪು ಉದುರಿಸುವ, ಬಿಸಿಲು ಏರ್ತಾ ಉಂಟು" ಎಂದರು ಕಾಕಾ.

ಕಾಕಾ ನಮ್ಮ ಟ್ಯಾನರಿಯ ಚೂರಿಯವರು. ಮಂಗಳೂರಿನ ಕಡೆಯ ಬ್ಯಾರಿ, ಅರವತ್ತು ಹತ್ತಿರವಾಗಿದೆ. ಹಸಿ ಚರ್ಮದ ಒಳಮೈಯಲ್ಲಿ ಉಳಿದ ಮಾಂಸ, ಕೊಬ್ಬನ್ನು ಕೆರೆದು ತೆಳುಮಾಡುವುದು ಅವರ ಕಸುಬು. ಮೈಸೂರಿನವಳಾದ ನನಗೂ ಅವರಿಗೂ ಕನ್ನಡವೇ ಆದರೂ ಮೊದಲ ವರ್ಷ ಅರ್ಧ ಮಾತು ಕೈಸನ್ನೆಯಲ್ಲೇ ನಡೆದಿತ್ತು. ಈಗ ಅವರು ಹುಬ್ಬು ಏರಿಸಿದರೆ ಸಾಕು, ನನ್ನ ಲೆಕ್ಕ ಎಲ್ಲೋ ತಪ್ಪಿದೆ ಎಂದು ಗೊತ್ತಾಗುತ್ತದೆ.

ಮರುದಿನ ಚರ್ಮದ ಒಡೆಯರು ಬಂದರು. ಎಪ್ಪತ್ತು ದಾಟಿದ ಒಮಾನಿ. ಹುಟ್ಟಿದ್ದು ಝಾಂಜಿಬಾರಿನಲ್ಲಿ, ಬೆಳೆದದ್ದು ನಿಜ್ವಾದ ಖರ್ಜೂರದ ತೋಟದಲ್ಲಿ. ಎಲ್ಲರೂ ಅವರನ್ನು ಬಾಬಾ ಎನ್ನುತ್ತಿದ್ದರು. ಮಾರುಕಟ್ಟೆಯಲ್ಲಿ ಕಲಿತ ಹಿಂದಿಯಲ್ಲಿ ಮಾತಾಡುತ್ತಿದ್ದ ಅವರು ನನ್ನನ್ನು ಮಾತ್ರ ಅರಬ್ಬಿಯಲ್ಲಿ 'ಮುಹಂದಿಸಾ' ಎಂದು ಕರೆದರು, ಎಂಜಿನಿಯರ್ ಅಮ್ಮ ಎನ್ನುವ ಹಾಗೆ. ಆಫ್ರಿಕಾದಲ್ಲಿ ಆನೆ ಬೇಟೆಯಾಡಿದವರು ಸಾಮಾನ್ಯವಾಗಿ ಅಲ್ಲೇ ಹದಮಾಡಿಸಿ ಊರಿಗೆ ತರಿಸಿಕೊಳ್ಳುತ್ತಾರೆ. ಇವರು ಹಸಿಯಾಗಿಯೇ ತರಿಸಿಕೊಂಡಿದ್ದರು. ಕಣ್ಣೆದುರಿಗೆ ಆಗಬೇಕು ಎಂಬ ಹಟ. ಆ ಹಟಕ್ಕೆ ಎರಡು ದೇಶದ ಕಾಗದಪತ್ರ ಸೇರಿ ಬೇಟೆ ಮುಗಿದು ಹನ್ನೊಂದು ತಿಂಗಳಾಗಿತ್ತು.

ನಾನು ಮುಚ್ಚುಮರೆಯಿಲ್ಲದೆ ಹೇಳಿದೆ: "ಬಾಬಾ, ನನಗೆ ಬೇಟೆ ಹಿಡಿಸುವುದಿಲ್ಲ."

"ಬೇಟೆ ಹಿಡಿಸಬೇಕಾಗಿಲ್ಲ. ಕೆಲಸ ಹಿಡಿಸಿದರೆ ಸಾಕು" ಎಂದು ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. "ಮುದಿ ಗಂಡಾನೆ. ಪರವಾನಗಿ ಇತ್ತು. ಮಾಂಸವನ್ನು ಹಳ್ಳಿಯವರು ಹಂಚಿಕೊಂಡರು. ದಂತ ನನಗೆ ಬೇಡ ಎಂದೆ. ಚರ್ಮ ಮಾತ್ರ ನನ್ನ ಪಾಲು. ಇದು ಕೊಳೆತುಹೋದರೆ ನಾನು ಒಂದು ಜೀವವನ್ನು ಸುಮ್ಮನೆ ತೆಗೆದ ಹಾಗಾಗುತ್ತದೆ. ಅದಕ್ಕೆ ಮೇಲಿನವನಿಗೆ ಉತ್ತರ ಹೇಳಬೇಕಾದವನು ನಾನು, ನೀವಲ್ಲ."

ಕುರ್ಚಿಯಿಂದಲೇ ಹಣೆಯ ತುಂಡಿನ ಕಡೆ ಬೆರಳು ಮಾಡಿದರು. "ಉಳಿದದ್ದು ಹೇಗೇ ಆಗಲಿ. ಹಣೆ ಉಳಿಯಬೇಕು. ಬಿದ್ದ ಮೇಲೆ ನಾನು ಅದರ ಹಣೆಯ ಮೇಲೆ ಕೈ ಇಟ್ಟಿದ್ದೆ. ಇನ್ನೂ ಬಿಸಿ ಇತ್ತು. ಮನೆಯ ಮಜ್ಲಿಸಿನಲ್ಲಿ, ಬಂದವರನ್ನು ಕೂರಿಸುವ ಕೋಣೆಯಲ್ಲಿ ಅದನ್ನು ತೂಗುಹಾಕುತ್ತೇನೆ. ಮನೆಯವರು ಕೈಯಿಟ್ಟು ನೋಡಲಿ."

ಆವತ್ತಿನಿಂದ ನನಗೆ ಏಳು ತುಂಡುಗಳಲ್ಲಿ ಒಂದೇ ಕಾಣುತ್ತಿತ್ತು.

ಮೊದಲ ಹಂತ ನೆನೆಹಾಕುವುದು. ಉಪ್ಪಿನಲ್ಲಿ ಒಣಗಿದ ಚರ್ಮ ನೀರು ಕುಡಿದು ಮೆತ್ತಗಾಗಬೇಕು, ಕುಡಿಯುವಾಗ ಕೊಳೆಯಲೂಬಾರದು. ಅದಕ್ಕೆ ನೀರಿಗೂ ಸ್ವಲ್ಪ ಉಪ್ಪು, ಕ್ರಿಮಿನಾಶಕ. ಒಂಟೆಗೆ ಒಂದೂವರೆ ದಿನ ಸಾಕು. ಆನೆಗೆ ಮೂರು ದಿನ ಎಂದು ಪುಸ್ತಕದಲ್ಲಿ ಧೈರ್ಯವಾಗಿ ಬರೆದೆ. ಮೂರನೆಯ ದಿನ ಪಕ್ಕೆಯ ಅಂಚು ಹಿಡಿದು ಬಗ್ಗಿಸಲು ಹೋದರೆ ಅದು ಜಪ್ಪಯ್ಯ ಎನ್ನಲಿಲ್ಲ. ಆರನೆಯ ದಿನವೂ ಅಷ್ಟೇ. ದಿನಾ ನೀರು ಬದಲಿಸಿ, ದಿನಾ ಮೂಗು ಹಿಡಿದು ವಾಸನೆ ನೋಡಿ, ಎಂಟನೆಯ ದಿನ ಅದು ನನ್ನ ಕೈಯಲ್ಲಿ ಬಾಗಿತು.

ಅದರ ನಡುವೆ ಒಂದು ಬೆಳಿಗ್ಗೆ ತೊಟ್ಟಿಯ ನೀರು ಕೆಂಪಾಗಿತ್ತು. ಒಳಗೆಲ್ಲೋ ರಕ್ತ ಉಳಿದಿದೆ, ಕೊಳೆಯಲು ಶುರುವಾಗಿದೆ ಎಂದುಕೊಂಡೆ. ಕಾಕಾ ತೊಟ್ಟಿಗೆ ತೋಳು ಇಳಿಸಿ ತಳದಿಂದ ಒಂದು ಹಿಡಿ ಮೇಲೆತ್ತಿದರು. ಮಣ್ಣು. ನುಣ್ಣಗಿನ ಕೆಂಪು ಮಣ್ಣು. ಆನೆ ಕೊನೆಯ ಸಲ ಕೆಸರಿನಲ್ಲಿ ಹೊರಳಾಡಿ ಮೈಗೆ ಮೆತ್ತಿಕೊಂಡದ್ದು ಸುಕ್ಕುಗಳ ಒಳಗೆ ಹನ್ನೊಂದು ತಿಂಗಳು ಕೂತು, ಸಮುದ್ರ ದಾಟಿ ಬಂದು, ಈಗ ನಮ್ಮ ತೊಟ್ಟಿಯಲ್ಲಿ ಬಿಟ್ಟುಕೊಂಡಿತ್ತು. ಅದರಲ್ಲಿ ಯಾವುದೋ ಹುಲ್ಲಿನ ಬೀಜಗಳೂ ಇದ್ದವು. ಆ ಮಣ್ಣನ್ನು ಚರಂಡಿಗೆ ಬಿಡಲು ಮನಸ್ಸಾಗದೆ ಬಕೆಟ್ಟಿನಲ್ಲಿ ತುಂಬಿ ಗೇಟಿನ ಪಕ್ಕದ ಖರ್ಜೂರದ ಗಿಡಕ್ಕೆ ಹಾಕಿದರು ಕಾಕಾ.

ಆಮೇಲೆ ಚೂರಿಯ ಕೆಲಸ. ಆನೆಯ ಚರ್ಮ ಎರಡು ಬೆರಳು ದಪ್ಪ. ಅಷ್ಟು ದಪ್ಪಕ್ಕೆ ಆಸಿಡ್ಡೂ ಇಳಿಯದು, ಹದವೂ ಇಳಿಯದು. ಹೊರಮೈಯನ್ನು ಮುಟ್ಟದೆ ಒಳಮೈಯಿಂದ ಕೆರೆಯುತ್ತ ಅರ್ಧ ಸೆಂಟಿಮೀಟರಿಗೆ ತರಬೇಕು. ದುಂಡು ದಿಮ್ಮಿಯ ಮೇಲೆ ಚರ್ಮ ಹರಡಿ, ಎರಡು ಹಿಡಿಯ ಬಾಗು ಚೂರಿಯಿಂದ ಕಾಕಾ ಮೇಲಿನಿಂದ ಕೆಳಗೆ ತಳ್ಳುತ್ತಿದ್ದರು. ಒಂದು ಪಕ್ಕೆಗೆ ಮೂರು ದಿನ ಹಿಡಿಯಿತು. ಬೆರಳಲ್ಲಿ ಹಿಸುಕಿಯೇ ದಪ್ಪ ಹೇಳುತ್ತಿದ್ದರು. ನಾನು ಗೇಜಿನಲ್ಲಿ ಅಳೆದರೆ ಕೂದಲಿನಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ.

ವಾರದಲ್ಲಿ ಮೂರು ದಿನ ನಾನು ನಿಜ್ವಾದ ರೂಮಿನಲ್ಲಿ ಇರುತ್ತೇನೆ, ಉಳಿದ ದಿನ ಒಂದೂವರೆ ಗಂಟೆ ದಾರಿಯ ಅಲ್ ಹೈಲಿನ ನಮ್ಮ ಮನೆಯಲ್ಲಿ. ಆಗ ಅತ್ತೆ ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದರು. ನಾನು ಕಾರಿನಿಂದ ಇಳಿದ ತಕ್ಷಣ, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸುವ ಹಾಗೆ, "ಇವತ್ತು ಹೇಗಿದೆಯಮ್ಮ ಅದು?" ಎಂದು ಕೇಳುತ್ತಿದ್ದರು. ಚೂರಿಯ ಕೆಲಸ ಶುರುವಾಗಿದೆ ಎಂದಾಗ ಅವರ ಮುಖ ಸಣ್ಣದಾಯಿತು.

"ಬೇರೆ ಎಲ್ಲಾ ಏನಾದ್ರೂ ಮಾಡ್ಕೋ. ಮುಖಕ್ಕೆ ಮಾತ್ರ ಚಾಕು ಹಾಕಿಸ್ಬೇಡ ಕಣೇ. ದಿನಾ ಬೆಳಿಗ್ಗೆ ಎದ್ದು ಕೈಮುಗಿಯೋ ಮುಖ ಅದು."

"ಅದು ಗಣಪತಿ ಅಲ್ಲ ಅತ್ತೆ, ಆಫ್ರಿಕಾದ ಆನೆ" ಎಂದೆ.

"ಇರ್ಲಿ ಬಿಡು, ಮುಖ ಮುಖಾನೇ."

ನಗುತ್ತ ಒಳಗೆ ಹೋದೆ. ಆದರೆ ಮಾರನೆಯ ದಿನ ಹಣೆಯ ತುಂಡು ದಿಮ್ಮಿಯ ಮೇಲೆ ಬಂದಾಗ, ಕಾಕಾ ಚೂರಿಗೆ ಸಾಣೆ ಹಿಡಿಯುವಾಗ, ನನ್ನ ಬಾಯಿಂದ ಬಂದದ್ದು ಅತ್ತೆಯ ಮಾತೇ. ಮಧ್ಯದ ಆ ದುಂಡು ಉಬ್ಬು, ಅದರ ಮೇಲೆ ಉಕ್ಕಿನ ತಂತಿಯಂಥ ನಾಲ್ಕು ಕೂದಲು. ಅದಕ್ಕೆ ಚೂರಿ ಇಡಿ ಎಂದು ಹೇಳಲು ನನ್ನಿಂದಾಗಲಿಲ್ಲ.

"ಅಂಚು ಮಾತ್ರ ಕೆರೀರಿ ಕಾಕಾ. ಮಧ್ಯ ಹಾಗೇ ಇರ್ಲಿ. ತೆಳು ಮಾಡಿದ್ರೆ ಉಬ್ಬು ಕೂತ್ಬಿಡುತ್ತೆ, ಬಾಬಾಗೆ ಆಕಾರ ಬೇಕು."

ಕಾಕಾ ಚೂರಿ ಕೆಳಗಿಟ್ಟರು. ಹುಬ್ಬು ಮೇಲಕ್ಕೆ ಹೋಯಿತು. "ದಪ್ಪ ಬಿಟ್ರೆ ಒಳಗೆ ಇಳಿಲಿಕ್ಕಿಲ್ಲ ಮೇಡಂ."

"ನಾನು ದಿನ ಜಾಸ್ತಿ ಕೊಡ್ತೀನಿ."

"ದಿನ ಕೊಟ್ರೆ ಆಗ್ತದಾ?" ಎಂದರು. ಮತ್ತೆ ವಾದಿಸಲಿಲ್ಲ. ಆಕಾರದ ನೆಪ ಒಳ್ಳೆಯ ನೆಪವೇ ಆಗಿತ್ತು. ನಾನೇ ಅದನ್ನು ನಂಬಿಬಿಟ್ಟೆ.

ಮುಂದಿನದು ಆಸಿಡ್ ಮತ್ತು ಉಪ್ಪಿನ ತೊಟ್ಟಿ. ಇದಕ್ಕೆ ನಮ್ಮಲ್ಲಿ ಪಿಕಲ್ ಎಂದೇ ಹೆಸರು. ಆಸಿಡ್ಡಿನ ಹುಳಿ ಚರ್ಮದ ಎಳೆಗಳನ್ನು ಬಿಡಿಸುತ್ತದೆ, ಉಪ್ಪು ಅದು ಉಬ್ಬದಂತೆ ಹಿಡಿದಿಡುತ್ತದೆ. ಉಪ್ಪು ಕಡಿಮೆಯಾದರೆ ಚರ್ಮ ಊದಿ ಲೋಳೆಯಾಗುತ್ತದೆ. ನಾನು ಒಂಟೆಯ ಲೆಕ್ಕದಲ್ಲಿ ಉಪ್ಪು ಹಾಕಿದ್ದೆ. ಎಂಟು ದಿನ ಕುಡಿದ ನೀರನ್ನು ಆನೆಯ ಚರ್ಮ ಅದೇ ತೊಟ್ಟಿಗೆ ವಾಪಸು ಬಿಟ್ಟಿತು, ಉಪ್ಪು ತೆಳ್ಳಗಾಯಿತು. ಬೆಳಿಗ್ಗೆ ಬಂದು ನೋಡಿದರೆ ಒಂದು ಪಕ್ಕೆ ಹಾಸಿಗೆಯ ಹಾಗೆ ಉಬ್ಬಿ ತೇಲುತ್ತಿತ್ತು. ಓಡಿಹೋಗಿ ಮೂಟೆಗಳನ್ನು ತರಿಸಿ, ಎಲ್ಲರೂ ಸೇರಿ ಉಪ್ಪು ಸುರಿದು, ಕೋಲಿನಿಂದ ಕದಡುತ್ತ ನಿಂತೆವು. ಮಧ್ಯಾಹ್ನದ ಹೊತ್ತಿಗೆ ಅದು ನಿಧಾನವಾಗಿ ಇಳಿಯಿತು.

ಹುಳಿ ಒಳಗೆ ಇಳಿದಿದೆಯೇ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಅಂಚಿನಿಂದ ಚೂರು ಕತ್ತರಿಸಿ, ಕತ್ತರಿಸಿದ ಮಗ್ಗುಲಿಗೆ ಒಂದು ಹನಿ ಔಷಧ ಹಾಕಬೇಕು. ಹುಳಿ ಇಳಿದ ಜಾಗ ಹಳದಿ, ಇಳಿಯದ ಜಾಗ ನೀಲಿ. ಮೂರು ವಾರದ ನಂತರ ಎಲ್ಲ ತುಂಡುಗಳೂ ಹಳದಿ ಕೊಟ್ಟವು. ಹಣೆಯೂ ಹಳದಿ ಕೊಟ್ಟಿತು. ಅದರ ಚೂರನ್ನು ನಾನು ಕತ್ತರಿಸಿದ್ದು ಕಾಕಾ ಕೆರೆದು ತೆಳುಮಾಡಿದ್ದ ಅಂಚಿನಿಂದ. ಮಧ್ಯದಲ್ಲಿ ಏನಾಗಿದೆ ಎಂದು ಅಂಚು ಹೇಗೆ ಹೇಳೀತು? ಈ ಪ್ರಶ್ನೆಯನ್ನು ನಾನು ನನ್ನ ಕೈಕೆಳಗಿನವರಿಗಾದರೆ ಕೇಳುತ್ತಿದ್ದೆ. ನನಗೆ ನಾನು ಕೇಳಿಕೊಳ್ಳಲಿಲ್ಲ.

ಹುಳಿಯನ್ನು ಅಡುಗೆ ಸೋಡಾದಿಂದ ತಗ್ಗಿಸಿ, ಮರದ ತೊಗಟೆಯ ಪುಡಿ ಕದಡಿದ ಕಂದು ನೀರಿಗೆ ಹಾಕಿದೆವು. ನಿಜವಾದ ಹದ ಆಗುವುದು ಇಲ್ಲಿ. ಮೊದಲು ಚಹಾದ ಕೊನೆಯ ಲೋಟದಂಥ ತೆಳು ನೀರು, ವಾರವಾರಕ್ಕೆ ಗಟ್ಟಿ. ಆತುರಪಟ್ಟು ಮೊದಲೇ ಗಟ್ಟಿ ಕೊಟ್ಟರೆ ಹೊರಮೈ ಬಿಗಿದುಕೊಂಡು ಬಾಗಿಲು ಹಾಕಿಬಿಡುತ್ತದೆ, ಒಳಗೆ ಹಸಿ ಉಳಿಯುತ್ತದೆ.

ಮೊದಲು ಹದಕ್ಕೆ ಬಂದದ್ದು ಕಿವಿಗಳು. ಅವು ತೆಳು. ಒಂದು ಕಿವಿಯನ್ನು ಚೌಕಟ್ಟಿಗೆ ಬಿಗಿದು ಅಂಗಳಕ್ಕೆ ತಂದು ಎತ್ತಿ ಹಿಡಿದಾಗ ಬೆಳಗಿನ ಬಿಸಿಲು ಅದರ ಮೂಲಕ ಹಾದುಬಂತು. ಹೆಬ್ಬೆರಳಿನ ಗಾತ್ರದ ನರದಿಂದ ಹಿಡಿದು ನೂಲಿನಂಥ ನರದವರೆಗೆ ಒಂದೊಂದೂ ಕಂಡಿತು. ಬಿಸಿಲಿನ ದೇಶದಲ್ಲಿ ಅಷ್ಟು ದೊಡ್ಡ ಮೈಯನ್ನು ತಂಪಾಗಿ ಇಟ್ಟದ್ದು ಈ ಜಾಲ. ಗ್ಯಾರೇಜಿನ ಕೆಲಸಗಾರರು ಪಾನಾ ಕೈಯಲ್ಲಿ ಹಿಡಿದೇ ಬಂದು ಸಾಲಾಗಿ ನಿಂತರು. ಬಾಬಾ ಕೂಡ ಆವತ್ತು ಬಂದಿದ್ದರು. ಅವರು ಕಿವಿಯ ಹಿಂದಕ್ಕೆ ಹೋಗಿ ಬೆಳಕಿಗೆ ಎದುರಾಗಿ ನಿಂತರು. ತುಂಬ ಹೊತ್ತು ಈಚೆಗೆ ಬರಲಿಲ್ಲ. ಹೊರಡುವಾಗ "ಹಣೆ?" ಎಂದು ಕೇಳಿದರು. "ಚೆನ್ನಾಗಿದೆ ಬಾಬಾ, ಇನ್ನು ಮೂರು ವಾರ" ಎಂದೆ. ಅಂಚಿನ ಚೂರು ಕತ್ತರಿಸಿದರೆ ಕಂದು ಬಣ್ಣ ಆಚೆಯಿಂದ ಈಚೆಗೆ ಸರಿಯಾಗಿ ಇಳಿದಿತ್ತು. ಅದನ್ನೂ ತೋರಿಸಿದೆ.

ಏಪ್ರಿಲ್ ಬಂತು, ಬಿಸಿಲು ಕಾದಿತು. ಒಂದು ಬೆಳಿಗ್ಗೆ ನೀರು ಬಸಿಯಲು ಹಣೆಯನ್ನು ದಿಮ್ಮಿಯ ಮೇಲೆ ಹಾಕಿದಾಗ ಕಾಕಾ ಬಗ್ಗಿ ಮೂಗು ಇಟ್ಟರು. ಮತ್ತೆ ಇನ್ನೊಂದು ಕಡೆ ಇಟ್ಟರು. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ.

"ಎಂತ ಇಲ್ಲ ಅಂತ ಹೇಳ್ಲಿಕ್ಕೆ ಮನಸ್ಸುಂಟು ಮೇಡಂ. ಆದ್ರೆ ಒಳಗೆ ಹಸಿ ಉಂಟು. ವಾಸನೆ ಶುರು ಆಗಿದೆ."

ನನಗೆ ಬರೀ ತೊಗಟೆಯ ವಾಸನೆ ಬಂತು. "ಅಂಚು ಪೂರ್ತಿ ಕಂದು ಇದೆಯಲ್ಲ ಕಾಕಾ."

"ಅಂಚು ನಾನು ಕೆರೆದದ್ದು. ಮಧ್ಯ ನೀವು ಬಿಡಿ ಅಂದದ್ದು." ಅವರ ದನಿಯಲ್ಲಿ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ತಾಗಿತು. "ಒಳಗಿನಿಂದ ಒಂದು ಗೆರೆ ಕೊಯ್ದು ನೋಡುವ. ಬೇಕಾದ್ರೆ ನಾನು ಕೊಯ್ತೇನೆ."

ನಾನು ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತೆ. ಕೊಯ್ಯದೆ ಬಿಡುವ ದಾರಿಯೂ ಇತ್ತು, ಅದನ್ನು ಮರೆಮಾಚುವುದಿಲ್ಲ. ಹೊರಗಿನಿಂದ ನೋಡಲು ಅದು ಅದ್ಭುತವಾಗಿತ್ತು. ಒಣಗಿಸಿ, ಎಣ್ಣೆ ಹಚ್ಚಿ ಒಪ್ಪಿಸಿದರೆ ಬಾಬಾ ಸಂತೋಷದಿಂದ ಒಯ್ಯುತ್ತಿದ್ದರು. ಒಂದೆರಡು ಬೇಸಿಗೆ ಕಳೆದ ಮೇಲೆ ಒಳಗಿನ ಹಸಿ ಪದರ ಪುಡಿಯಾಗಿ ಹೊರಮೈ ಬಿರುಕು ಬಿಟ್ಟು ಕಳಚುತ್ತಿತ್ತು. ಆಗ ಗೋಡೆಯ ತೇವ ಎಂದೋ, ಬಿಸಿಲು ಎಂದೋ ಹೇಳಿದರೆ ನಂಬುವ ಜನವೇ. ಆದರೆ ಆ ಮುದುಕರು ಯಾರಿಗೋ ಉತ್ತರ ಹೇಳಲು ಇದನ್ನು ನಂಬಿ ಕೂತಿದ್ದಾರೆ. ನನಗೆ ನಾಚಿಕೆಯಾಯಿತು. ಡ್ರಾಯರಿನಿಂದ ಸಣ್ಣ ಬ್ಲೇಡು ತೆಗೆದುಕೊಂಡು ಹೊರಗೆ ಬಂದೆ.

"ಕೊಡಿ" ಎಂದು ಕಾಕಾ ಕೈ ಚಾಚಿದರು. "ಬೇಡ, ನಾನೇ" ಎಂದೆ.

ಹಣೆಯನ್ನು ಮಗುಚಿ, ಉಬ್ಬಿನ ನಡುವೆ, ಒಳಮೈಯಿಂದ ಎರಡು ಬೆರಳು ಉದ್ದದ ಗೆರೆ ಎಳೆದೆ. ಮೇಲಿನ ಕಂದು ಪದರ ಗಡುಸಾಗಿ ಕರಕರ ಎಂದಿತು, ಅದನ್ನು ದಾಟಿದ ಮೇಲೆ ಬ್ಲೇಡು ಸಲೀಸಾಗಿ ಒಳಗೆ ಹೋಯಿತು. ಗೆರೆಯನ್ನು ಬೆರಳಿನಿಂದ ಅಗಲಿಸಿದೆ. ಕೊಬ್ಬರಿ ಹೋಳಿನ ಹಾಗೆ, ಮೇಲೆ ಕಂದು, ಅದರ ಕೆಳಗೆ ಬೆಳ್ಳಗೆ. ಆಗ ನನಗೂ ವಾಸನೆ ಬಂತು.

ಆ ಸಂಜೆ ಅಲ್ ಹೈಲಿಗೆ ಹೋದಾಗ ಅತ್ತೆಗೆ ಎಲ್ಲ ಹೇಳಿದೆ. ಮುಖಕ್ಕೆ ಬ್ಲೇಡು ಹಾಕಿದ್ದನ್ನೂ, ನಾಳೆ ಪೂರ್ತಿ ಚೂರಿ ಹಾಕಿಸಬೇಕಾಗಿರುವುದನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಸೊಪ್ಪು ಬಿಡಿಸುತ್ತ ಕೇಳಿಸಿಕೊಂಡರು.

"ಹಬ್ಬ ಮುಗಿದ ಮೇಲೆ ಗಣಪತೀನ ನೀರಿಗೆ ಬಿಡಲ್ವಾ? ಕಣ್ಣಲ್ಲಿ ನೀರು ಬಂದ್ರೂ ಬಿಡ್ತೀವಿ. ಇಟ್ಕೊಂಡು ಹಾಳು ಮಾಡಲ್ಲ" ಎಂದರು. ಆಮೇಲೆ ಮೆಲ್ಲಗೆ, "ನಾನು ಹೇಳಿದ್ದಕ್ಕೆ ಹೀಗಾಯ್ತೇನಮ್ಮ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಹೇಳಿದ್ದು ಅವರಾದರೂ ಕೇಳಿದ್ದು ಓದಿದವಳಾದ ನಾನು.

ಬೆಳಿಗ್ಗೆ ಟ್ಯಾನರಿಗೆ ಬಂದು ಬಾಬಾಗೆ ಫೋನು ಮಾಡಿದೆ. ಅರ್ಧ ಗಂಟೆಯಲ್ಲಿ ಅವರ ಪಿಕಪ್ ಅಂಗಳದಲ್ಲಿತ್ತು. ಕೊಯ್ದ ಗೆರೆಯನ್ನು ಅಗಲಿಸಿ ತೋರಿಸಿದೆ. ತಪ್ಪು ನನ್ನದು, ಕಾಕಾ ಮೊದಲೇ ಹೇಳಿದ್ದರು ಎಂದೂ ಹೇಳಿದೆ.

"ಹಾಗೇ ಬಿಟ್ಟರೆ?"

"ಎರಡು ಬೇಸಿಗೆ."

"ಕೆರೆದರೆ?"

"ಒಳಗಿನ ಗಡುಸು ಪದರ ತೆಗೆದರೆ ಹಸಿ ಭಾಗಕ್ಕೆ ನೇರವಾಗಿ ಹದ ಇಳಿಯುತ್ತದೆ. ಆದರೆ ಹಸಿ ಪದರದಲ್ಲಿ ಚೂರಿ ನಿಲ್ಲುವುದಿಲ್ಲ, ಜಾರುತ್ತದೆ. ಸ್ವಲ್ಪ ಹೆಚ್ಚು ಜಾರಿದರೆ ಹಣೆಗೆ ತೂತು."

ಅವರು ನನ್ನನ್ನೇ ನೋಡಿದರು. "ಉಳಿದ ಆರನ್ನೂ ಸರಿಯಾಗಿ ಮಾಡಿದ್ದೀರಿ. ಇದೊಂದನ್ನು ಯಾಕೆ ಬಿಟ್ಟಿರಿ?"

ಆಕಾರದ ನೆಪ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ನಮ್ಮ ದೇವರೊಬ್ಬರಿಗೆ ಈ ಮುಖ ಇದೆ, ಚೂರಿ ಹಾಕಿಸಲು ಮನಸ್ಸು ಬರಲಿಲ್ಲ ಎಂದು ನೇರವಾಗಿ ಹೇಳಿದೆ. ಇದಕ್ಕಿಂತ ಬಾಲಿಶವಾದ ಕಾರಣವನ್ನು ಯಾವ ಕೆಮಿಸ್ಟೂ ಯಾವ ಗಿರಾಕಿಗೂ ಕೊಟ್ಟಿರಲಿಕ್ಕಿಲ್ಲ. ಬಾಬಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಅದು ಬಿದ್ದ ಮೇಲೆ ನಾನು ಅರ್ಧ ಗಂಟೆ ಎದುರಿಗೆ ಹೋಗಲಿಲ್ಲ" ಎಂದರು. "ಬೆನ್ನ ಹಿಂದೆ ಹುಲ್ಲಿನಲ್ಲಿ ಕೂತಿದ್ದೆ. ಜೊತೆಗಿದ್ದವರು ಕರೆದರೂ ಏಳಲಿಲ್ಲ. ಆಮೇಲೆ ಹೋಗಲೇಬೇಕಾಯಿತು." ಪ್ಲಾಸ್ಟಿಕ್ ಕುರ್ಚಿಯನ್ನು ದಿಮ್ಮಿಯ ಹತ್ತಿರಕ್ಕೆ ಎಳೆದುಕೊಂಡರು. "ಯಲ್ಲಾ, ಶುರುಮಾಡಿ, ಕೆರೆಯಿರಿ. ನಾನು ಇಲ್ಲೇ ಇರುತ್ತೇನೆ."

ಕಾಕಾ 'ಬಿಸ್ಮಿಲ್ಲಾ' ಎಂದು ಚೂರಿ ಎತ್ತಿಕೊಂಡರು. ಅವತ್ತು ನಾನು ಕಂಡ ಕೆಲಸವನ್ನು ಮತ್ತೆಲ್ಲೂ ಕಂಡಿಲ್ಲ. ಗಡುಸು ಪದರ ದಾಟುವವರೆಗೆ ಬಲ, ದಾಟಿದ ಕೂಡಲೇ ಬಲವೆಲ್ಲ ಬಿಟ್ಟು ಬರೀ ಚೂರಿಯ ಭಾರ. ಉಸಿರು ಹಿಡಿದು ಒಂದು ತಳ್ಳು, ಉಸಿರು ಬಿಟ್ಟು ಒರೆಸಿಕೊಳ್ಳುವುದು. ಪ್ರತಿ ತಳ್ಳಿಗೂ ಹೊರಮೈಯಿಂದ ಅಂಗೈ ಇಟ್ಟು ದಪ್ಪ ನೋಡುವುದು. ನಾನು ಗೇಜು ಹಿಡಿದು ನಿಂತಿದ್ದೆ, ಅವರಿಗೆ ಅದು ಬೇಕಾಗಲಿಲ್ಲ. ಗೇಜು ಕೆಳಗಿಟ್ಟು, ತಟ್ಟೆಯಲ್ಲಿ ಕ್ರಿಮಿನಾಶಕ ಹಿಡಿದು, ತೆರೆದ ಜಾಗಕ್ಕೆಲ್ಲ ಬ್ರಷ್ಷಿನಲ್ಲಿ ಹಚ್ಚುತ್ತ ಹೋದೆ. ಮಧ್ಯಾಹ್ನದ ನಮಾಜಿಗೆ ಇಬ್ಬರೂ ಎದ್ದು ಹೋಗಿ ಬಂದರು. ಮತ್ತೆ ಶುರು.

ಮೂರು ಗಂಟೆಯ ಹೊತ್ತಿಗೆ ಉಬ್ಬಿನ ಎಡಗಡೆ ಚೂರಿ 'ಟಿಕ್' ಎಂದಿತು. ಕಾಕಾ ತಟ್ಟನೆ ಕೈ ಎತ್ತಿದರು. ಮೂವರೂ ಬಗ್ಗಿ ನೋಡಿದೆವು. ಹಸಿ ಪದರದ ನಡುವೆ ಬಟಾಣಿಯಷ್ಟು ಒಂದು ಗಂಟು. ಬ್ಲೇಡಿನ ತುದಿಯಿಂದ ಬಿಡಿಸಿದರೆ ಗಂಟಿಗೆ ಚಿಪ್ಪಿನಂಥ ಹೊದಿಕೆ. ಚರ್ಮವೇ ಅದನ್ನು ಕಟ್ಟಿಕೊಂಡಿತ್ತು. ಒಳಗಿನಿಂದ ಬೂದು ಬಣ್ಣದ ಒಂದು ಸೀಸದ ಗುಂಡು ಉರುಳಿ ದಿಮ್ಮಿಯ ಮೇಲೆ ಬಿತ್ತು.

ಬಾಬಾ ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡರು. "ಇದು ನನ್ನದಲ್ಲ" ಎಂದರು. "ಹೊ​ಲ ಕಾಯುವವರ ಹಳೇ ಬಂದೂಕಿನದು. ಎಷ್ಟೋ ವರ್ಷದ ಹಿಂದೆ ಯಾರೋ ಮುಖಕ್ಕೇ ಹೊಡೆದಿದ್ದಾರೆ."

ಹೊರಮೈಯನ್ನು ಮಗುಚಿ ಹುಡುಕಿದೆವು. ಅಷ್ಟು ಸುಕ್ಕುಗಳ ನಡುವೆ ಒಂದು ಸಣ್ಣ ಕುಳಿ, ಇದೇ ಎಂದು ಹೇಳಲಾಗದಷ್ಟು ಕೂಡಿಕೊಂಡಿತ್ತು. ನಾನು ವರ್ಷಗಟ್ಟಲೆ ಚರ್ಮವನ್ನು ಸತ್ತ ಮೇಲೆ ನೋಡಿದವಳು. ಅದು ಬದುಕಿದ್ದಾಗ ಮಾಡಿದ ಕೆಲಸವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಯಾವ ತೊಟ್ಟಿ, ಯಾವ ಔಷಧವೂ ಇಲ್ಲದೆ ಅದು ಸೀಸದ ಸುತ್ತ ಗೋಡೆ ಕಟ್ಟಿ, ಮೇಲೆ ಮುಚ್ಚಿ, ಆನೆಯನ್ನು ಮತ್ತೆ ಮೇಯಲು ಕಳಿಸಿತ್ತು. ನನ್ನ ಕಣ್ಣು ತುಂಬಿತು. ಕಾಕಾ ಬೇರೆ ಕಡೆ ತಿರುಗಿ ಚೂರಿ ಒರೆಸುತ್ತಿದ್ದರು.

"ನಾನು ಇದನ್ನು ಹೊಡೆದ ಕಥೆಯನ್ನು ಮನೆಯಲ್ಲಿ ಹೇಳಬೇಕು ಎಂದುಕೊಂಡಿದ್ದೆ" ಎಂದರು ಬಾಬಾ. "ಖಲಾಸ್. ಈಗ ಅದು ತೀರಾ ಸಣ್ಣ ಕಥೆ."

ಸಂಜೆ ಐದಕ್ಕೆ ಕೆರೆಯುವುದು ಮುಗಿಯಿತು. ತೂತಾಗಲಿಲ್ಲ. ಗೇಜು ಎಲ್ಲ ಕಡೆಯೂ ಆರು ಮಿಲಿಮೀಟರ್ ತೋರಿಸಿತು, ಉಬ್ಬಿನ ಜಾಗದಲ್ಲಿ ಏಳು. ಆವತ್ತೇ ಮತ್ತೆ ಹುಳಿ, ಉಪ್ಪು. ನಾಲ್ಕು ದಿನದ ನಂತರ ಮೊದಲಿನಿಂದ ತೆಳು ತೊಗಟೆ ನೀರು. ಈ ಸಲ ನಾನು ವಾರಕ್ಕೊಮ್ಮೆ ಒಳಮೈಯ ಮಧ್ಯದಿಂದಲೇ ಸಣ್ಣ ಗೆರೆ ಕೊಯ್ದು ನೋಡಿದೆ. ಬಿಳಿ ಪಟ್ಟಿ ದಾರದಷ್ಟಾಯಿತು, ಕೂದಲಿನಷ್ಟಾಯಿತು, ಐದನೆಯ ವಾರ ಇಲ್ಲವಾಯಿತು. ಒಣಗಿಸುವುದೂ ಸುಲಭವಾಗಿರಲಿಲ್ಲ. ನಿಜ್ವಾದ ಬೇಸಿಗೆಗೆ ಬಿಟ್ಟರೆ ಒಂದೇ ದಿನದಲ್ಲಿ ಒಣಗಿ ಸೀಳುತ್ತಿತ್ತು. ನೆರಳಿನಲ್ಲಿ ಚೌಕಟ್ಟಿಗೆ ಬಿಗಿದು, ಸುತ್ತ ಒದ್ದೆ ಗೋಣಿ ಕಟ್ಟಿ, ದಿನಾ ಎರಡು ಸಲ ಎಣ್ಣೆ ಉಜ್ಜಿದೆವು. ಆಕಾರಕ್ಕೆ ಏನೂ ಆಗಲಿಲ್ಲ. ಕೂರುತ್ತದೆ ಎಂದು ನಾನು ಹೆದರಿದ್ದ ಉಬ್ಬು, ಒಣಗುವಾಗ ಕಾಕಾ ಅಡಿಯಲ್ಲಿ ಕಟ್ಟಿದ ಒಂದು ಹುಲ್ಲಿನ ದಿಂಬಿನ ಮೇಲೆ ಹಾಗೆಯೇ ನಿಂತಿತು. ಅಷ್ಟು ಸರಳವಾಗಿತ್ತು ಅದು.

ಜೂನಿನಲ್ಲಿ ಅಧಿಕಾರಿ ಬಂದು ಟ್ಯಾಗುಗಳನ್ನು ನೋಡಿ ಸಹಿ ಹಾಕಿದರು. ನಾನೂ ಕಾಕಾನೂ ಪಿಕಪ್ಪಿನಲ್ಲಿ ಹಣೆಯನ್ನು ಕಂಬಳಿ ಸುತ್ತಿ ಬಾಬಾರ ಮನೆಗೆ ಒಯ್ದೆವು. ಮಜ್ಲಿಸಿನ ಗೋಡೆಯಲ್ಲಿ ಆಳೆತ್ತರದಲ್ಲಿ ಮೊಳೆ ಸಿದ್ಧವಾಗಿತ್ತು. ಕಾಕಾ ಚೌಕಟ್ಟು ತೂಗುಹಾಕಿ, ಎರಡು ಹೆಜ್ಜೆ ಹಿಂದೆ ಬಂದು, ಮತ್ತೆ ಹೋಗಿ ಸ್ವಲ್ಪ ಎಡಕ್ಕೆ ಸರಿಸಿದರು. ಏಲಕ್ಕಿ ಹಾಕಿದ ಖಹ್ವಾ ಕಾಫಿ ಬಂತು, ಖರ್ಜೂರ ಬಂತು. ಯಾರೂ ತಿನ್ನಲಿಲ್ಲ. ಆ ಬಿಳಿ ಗೋಡೆಯ ಮೇಲೆ ಅದು ನಮ್ಮೆಲ್ಲರಿಗಿಂತ ದೊಡ್ಡದಾಗಿತ್ತು.

ಬಾಬಾ ಹತ್ತಿರ ಹೋಗಿ ಬಲಗೈಯನ್ನು ಆ ಉಬ್ಬಿನ ಮೇಲೆ ಇಟ್ಟರು.

"ಎಷ್ಟು ವರ್ಷ ಇರುತ್ತದೆ ಮುಹಂದಿಸಾ?"

"ವರ್ಷಕ್ಕೆ ಎರಡು ಸಲ ಎಣ್ಣೆ ಹಚ್ಚಿದರೆ ನೂರು ವರ್ಷ ಇರುತ್ತದೆ ಬಾಬಾ."

"ನೂರು" ಎನ್ನುವಾಗ ಅವರ ಮುಖ ಅರಳಿತು. "ಕಾಡಿನಲ್ಲಿ ಬಿಟ್ಟಿದ್ದರೆ ಇನ್ನು ನಾಲ್ಕೈದು ವರ್ಷ ಇರುತ್ತಿತ್ತೋ ಏನೋ. ನೀವು ನೂರು ಕೊಟ್ಟಿರಿ."

ಸುಮ್ಮನೆ ತಲೆಯಾಡಿಸಿ ಬರಬಹುದಿತ್ತು. ಐದು ತಿಂಗಳು ದುಡಿದ ಮೇಲೆ ಅಂಥ ಮಾತು ಕೇಳಲು ಹಿತವಾಗಿಯೇ ಇತ್ತು. ಆದರೆ ಆ ತುಂಡಿನ ವಿಷಯದಲ್ಲಿ ಒಮ್ಮೆ ನನಗೆ ನಾನೇ ಸುಳ್ಳು ಹೇಳಿಕೊಂಡು ನೋಡಿದ್ದೆ.

"ನೂರು ವರ್ಷ ಚರ್ಮಕ್ಕೆ ಬಾಬಾ" ಎಂದೆ. "ಆನೆಗಲ್ಲ."

ಕಾಕಾ ನನ್ನ ಕಡೆ ತಿರುಗಿ ನೋಡಿದರು. ಬಾಬಾ ತಿರುಗಲಿಲ್ಲ.

"ಗೊತ್ತು" ಎಂದರು. ಕೈ ತೆಗೆಯಲಿಲ್ಲ.